ಖಾಲಿ ಖೋಕಾ ಹಿಡಿಯೋ ಚೀಲ: ಯಾವುದನ್ನ ಆರಿಸಬೇಕು?

ಪಾಲಬಾವಿಯಿಂದ ಮಾತಾಡಾಕತ್ತೀನಿ.

ಫೌಜಿನಾಗ ಎಸ್‌ಎಲ್‌ಆರ್ ರೈಫಲ್ ಹೊಡೆದ ನಮ್ಮ ಕಾಕಾ ಹೇಳ್ತಿದ್ರು: "ಗುರಿ ತಪ್ಪಿದ್ರ ಬೈಗುಳ, ಖೋಕಾ ತಪ್ಪಿದ್ರ ಕತ್ತಲಾಗೋತನ ಹುಲ್ಲಾಗ ಹುಡುಕಾಟ." ಖೋಕಾ ಅಂದ್ರೆ ಗುಂಡು ಹಾರಿದ ಮೇಲೆ ಉಳಿಯೋ ಹಿತ್ತಾಳೆ ಕೊಳವೆ. ಕೊಟ್ಟ ಗುಂಡು, ಮರಳಿದ ಖೋಕಾ ಎರಡೂ ತಾಳೆ ಆಗಬೇಕು. ಒಂದು ಕಡಿಮೆಯಾದ್ರೂ ಜೀವಂತ ಗುಂಡೇ ಹೊರಗ ಹೋಯ್ತಾ ಅನ್ನೋ ಸಂಶಯ. ಬಿ.ಕಾಂ. ಓದಿದ ನನಗೆ ಈ ಲೆಕ್ಕ ಬೇಗ ತಿಳೀತು!

ಸೆಮಿ-ಆಟೊಮ್ಯಾಟಿಕ್ ರೈಫಲ್‌ನಲ್ಲಿ ಪ್ರತಿ ಸಲ ಟ್ರಿಗರ್ ಒತ್ತಿದಾಗ ಒಂದು ಗುಂಡು. ಅದರ ಹಿಂದೆಯೇ ಬಿಸಿ ಖೋಕಾ ಬಲಗಡೆ ಸಿಡಿಯುತ್ತೆ. ಅದನ್ನ ಹಿಡಿಯೋದು ಬ್ರಾಸ್ ಕ್ಯಾಚರ್.

ಆರಿಸುವಾಗ ಮೊದಲು ಬಾಯಿ ನೋಡ್ರಿ. ಚೀಲ ಕಿಂಡಿಗೆ ತೀರಾ ಹತ್ತಿರ ಇದ್ರೆ ಖೋಕಾ ಪುಟಿದು ವಾಪಸ್ ಬಂದು ಸಿಕ್ಕೊಳ್ಳುತ್ತೆ, ರೈಫಲ್ ಜಾಮ್! ಅಗಲ ಬಾಯಿ, ಗಟ್ಟಿ ಚೌಕಟ್ಟು ಬೇಕು. ಎರಡನೇದು ಬಟ್ಟೆ: ಶಾಖ ತಡೆಯೋ ಜಾಳಿಗೆ ಇರಲಿ, ಸಾದಾ ನೈಲಾನ್ ಕರಗಬಹುದು. ಮೂರನೇದು ಅಳತೆ: ಎಸ್‌ಎಲ್‌ಆರ್ ಖೋಕಾ 51 ಮಿ.ಮೀ. ಉದ್ದ, ಇನ್ಸಾಸ್‌ದು 45. ಎಸ್‌ಎಲ್‌ಆರ್ ಮ್ಯಾಗಝೀನ್‌ನ 20 ಖೋಕಾ ಆದ್ರೂ ಹಿಡಿಸಬೇಕು. ತಳಕ್ಕೆ ಜಿಪ್ ಇದ್ರೆ ಎಣಿಸೋದು ಸಲೀಸು.

ಹೊಸ ರೈಫಲ್‌ನ ರೈಲ್ ಪಟ್ಟಿಗೆ ಕ್ಲಿಪ್ ಚೀಲ ಕೂಡುತ್ತೆ. ಹಳೇ ಎಸ್‌ಎಲ್‌ಆರ್‌ಗೆ ಆ ಪಟ್ಟಿ ಇಲ್ಲ. ಅದಕ್ಕೆ ಪಕ್ಕದಲ್ಲಿ ಸ್ಟ್ಯಾಂಡ್ ಮೇಲೆ ನಿಲ್ಲಿಸೋ ಬಲೆ ನನ್ನ ಆಯ್ಕೆ: ಬಂದೂಕಿಗೆ ತಾಗೋದೇ ಇಲ್ಲ.

ಒಂದೆರಡು ಖೋಕಾ ನೆಲಕ್ಕೆ ಬಿದ್ರೆ ಹುಡುಕಬಹುದು ರೀ. ಬಂದೂಕಿನ ದಾರಿಗೆ ಮಾತ್ರ ಚೀಲ ಅಡ್ಡ ಬರಬಾರದು.