ಬಂಡೆಯ ಸೀಮೆಯಲ್ಲಿ ಬಿಂದಿಗೆ ನೀರು

ರಾಮನಗರದ ರಾಮದೇವರ ಬೆಟ್ಟಕ್ಕೆ ಮಳೆ ಬಿದ್ದಾಗ ನೋಡಬೇಕು. ಬಂಡೆಯ ಮೈತುಂಬ ಬಿಳಿ ಗೆರೆಗಳು ಮೂಡುತ್ತವೆ, ಗಳಿಗೆಯೊಳಗೆ ತಪ್ಪಲಿಗಿಳಿದು ಹಳ್ಳ ಹಿಡಿದು ಅರ್ಕಾವತಿಯತ್ತ ಓಡುತ್ತವೆ. ಮಳೆ ನಿಂತು ಬಿಸಿಲು ಬಂದರೆ ಕಲ್ಲು ಮತ್ತೆ ಒಣ ಒಣ. ಭೂವಿಜ್ಞಾನಿಗಳು ಇದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ಹೆಸರೇ ಕ್ಲೋಸ್‌ಪೇಟೆ. ಸುಮಾರು 250 ಕೋಟಿ ವರ್ಷ ವಯಸ್ಸಿನ ಈ ಕಲ್ಲು ನೀರು ಕುಡಿಯುವುದಿಲ್ಲ, ಬಿರುಕಿನಲ್ಲಷ್ಟೇ ಒಂದಿಷ್ಟು ಇಟ್ಟುಕೊಳ್ಳುತ್ತದೆ. ಬೋರ್‌ವೆಲ್ ಕೊರೆಸಿದವರಿಗೆ ಬಿರುಕು ಸಿಕ್ಕಿದರೆ ನೀರು, ಸಿಗದಿದ್ದರೆ ಬರೀ ಕಲ್ಲಿನ ಪುಡಿ.

ಹಿರಿಯರಿಗೆ ಇದು ಗೊತ್ತಿತ್ತು. ಮಾಗಡಿಯಿಂದ ಚನ್ನಪಟ್ಟಣದವರೆಗೂ ಕೆರೆ, ಕಟ್ಟೆ, ಕುಂಟೆ ಕಟ್ಟಿ ನೀರನ್ನು ನೆಲದ ಮೇಲೆಯೇ ತಡೆದರು. ತೂಬು ಎತ್ತಿ ಗದ್ದೆಗೆ ಸರತಿಯಲ್ಲಿ ನೀರು ಬಿಡಲು ನೀರುಗಂಟಿಯಿದ್ದ. ಈಗ ಶಿಂಷೆಯ ಇಗ್ಗಲೂರು ಬ್ಯಾರೇಜಿನಿಂದ ನೀರೆತ್ತಿ ಚನ್ನಪಟ್ಟಣದ ಕೆರೆಗಳನ್ನು ತುಂಬಿಸುತ್ತಾರೆ. ಒಳ್ಳೆಯದೇ. ಆದರೆ ಹೂಳು ತುಂಬಿದ ಕೆರೆಗೆ, ಒತ್ತುವರಿಯಾದ ಕಾಲುವೆಗೆ ಯಾವ ಪಂಪು ತಾನೇ ಏನು ಮಾಡೀತು? ಹೂಳೆತ್ತುವುದು ಊರಿನವರು ಒಟ್ಟಾಗಿ ಹಿಡಿಯಬೇಕಾದ ಕೆಲಸ.

ಹಳ್ಳಿಯಲ್ಲಿ ಬೆಳಕು ಹರಿಯುವ ಮೊದಲೇ ತೊಂಬೆ ಮುಂದೆ ಕೊಡಗಳ ಸಾಲು. ಹಳದಿ, ನೀಲಿ, ಹಸಿರು ಪ್ಲಾಸ್ಟಿಕ್ ಕೊಡಗಳ ನಡುವೆ ಒಂದು ಹಳೆಯ ತಾಮ್ರದ ಬಿಂದಿಗೆ. ಹೊತ್ತು ತಂದ ನೀರು ಮನೆಯೊಳಗೆ ಒಂದೇ ಸಲಕ್ಕೆ ಮುಗಿದುಹೋಗುವುದಿಲ್ಲ. ಅಕ್ಕಿ ತೊಳೆದದ್ದು ಕಲಗಚ್ಚಿನ ಬಾನಿಗೆ, ಅಲ್ಲಿಂದ ಹಸುವಿನ ಹೊಟ್ಟೆಗೆ. ಸೊಪ್ಪು ತೊಳೆದದ್ದು ಕರಿಬೇವಿನ ಗಿಡಕ್ಕೆ. ಬಟ್ಟೆ ಜಾಲಿಸಿದ್ದು ಅಂಗಳಕ್ಕೆ, ಬಚ್ಚಲಿನದು ಹಿತ್ತಲ ತೆಂಗಿಗೆ. ಬಕೆಟ್ಟನ್ನು ಸುಮ್ಮನೆ ಚೆಲ್ಲಹೊರಟ ಸೊಸೆಗೆ ಅತ್ತೆ ಜಗುಲಿಯಿಂದಲೇ ಕೂಗುತ್ತಾಳೆ: “ಚೆಲ್ಬ್ಯಾಡ ಕಣವ್ವ, ಬಾಳೆ ಬುಡಕ್ಕೆ ಬುಡು!”

ಕನಕಪುರದ ಕಡೆ ಹಿಪ್ಪುನೇರಳೆ ತೋಟದಲ್ಲಿ ಹನಿ ನೀರಾವರಿಯ ಕಪ್ಪು ಪೈಪುಗಳು ಸಾಲುಸಾಲಾಗಿ ಮಲಗಿವೆ. ರೇಷ್ಮೆ ಹುಳ ತಿಂದುಳಿದ ಕಡ್ಡಿ, ಒಣಸೊಪ್ಪನ್ನು ಬುಡಕ್ಕೆ ಹೊದಿಸಿದ ರೈತನ ತೋಟದಲ್ಲಿ ತೇವ ಬೇಗ ಆರುವುದಿಲ್ಲ.

ನೋವಾಗುವುದು ಪೇಟೆಯಲ್ಲಿ. ಮೋಟಾರು ಹಾಕಿ ಮರೆತ ಮನೆಯ ಟ್ಯಾಂಕು ತುಂಬಿ ನೀರು ರಸ್ತೆಗೆ ಸುರಿಯುತ್ತಿರುತ್ತದೆ. ಅದೇ ಬೀದಿಯ ತುದಿಯಲ್ಲಿ ಹೆಂಗಸರು ಟ್ಯಾಂಕರಿಗಾಗಿ ಕಾಯುತ್ತಿರುತ್ತಾರೆ. ಇದನ್ನು ಮರೆವು ಎಂದು ಬಿಟ್ಟುಬಿಡಲು ನನ್ನಿಂದಾಗದು.

ಪೇಟೆಯ ತಾರಸಿಯೂ ಮಳೆ ಹಿಡಿಯಬಲ್ಲದು. ನೂರು ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರು. ಮೊದಲ ಮಳೆಯ ಕೊಳೆಯನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಜಲ್ಲಿ, ಮರಳು, ಇದ್ದಿಲಿನಲ್ಲಿ ಸೋಸಿ ಸಂಪಿನೊಳಕ್ಕೆ ಇಳಿಸಿಕೊಳ್ಳಬಹುದು. ಮುಂಗಾರು ಹತ್ತಿರವಾಗುವ ಮೊದಲೇ ತಾರಸಿ ಗುಡಿಸಿ, ಪೈಪು ಜೋಡಿಸಿಕೊಳ್ಳಿ.