ಮುಳುಗಡೆಯ ಸಾಕ್ಷ್ಯ: ಐರ್ಲೆಂಡಿನ ಒಂದು ಚಿತ್ರದ ಬೆಳಕಿನಲ್ಲಿ

ಡಾಕ್ಯುಮೆಂಟರಿ ಎಂಬ ಚಿತ್ರಪ್ರಕಾರಕ್ಕೆ ಕನ್ನಡದಲ್ಲಿ ಸಾಕ್ಷ್ಯಚಿತ್ರವೆಂಬ ಹೆಸರು ರೂಢವಾಗಿದೆ. ಮೂಲ ಶಬ್ದಕ್ಕೆ ಕಡತದ ಸಂಬಂಧವಿದ್ದರೆ ನಮ್ಮ ಶಬ್ದಕ್ಕೆ ನ್ಯಾಯಾಲಯದ ಸಂಬಂಧವಿದೆ. ಸಾಕ್ಷ್ಯವೆಂದ ಮೇಲೆ ಅದನ್ನು ನುಡಿದವರಾರು, ಯಾರ ಪರವಾಗಿ ನುಡಿದರು ಎಂಬ ಪ್ರಶ್ನೆ ಏಳಲೇಬೇಕು. ಜನರು ನೆಲೆ ಕಳೆದುಕೊಂಡ ಪ್ರಸಂಗಗಳಲ್ಲಿ ಈ ಪ್ರಶ್ನೆ ಹೆಚ್ಚು ತೀಕ್ಷ್ಣವಾಗುತ್ತದೆ. ಏಕೆಂದರೆ ಅಲ್ಲಿ ಉಳಿದುಬರುವ ದಾಖಲೆಯ ಬಹುಭಾಗ ನೆಲವನ್ನು ತೆಗೆದುಕೊಂಡವರು ಬರೆದುದಾಗಿರುತ್ತದೆ. ಐರ್ಲೆಂಡಿನ ಜಾರ್ಜ್ ಮಾರಿಸನ್ನರ ಕೃತಿಯೊಂದನ್ನು ಮುಂದಿಟ್ಟುಕೊಂಡು ಕೃಷ್ಣಾತೀರದ ಮುಳುಗಡೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಲು ಇಲ್ಲಿ ಯತ್ನಿಸಿದ್ದೇವೆ.

ಮಾರಿಸನ್ನರ 'ಮಿಶೆ ಏರ' 1959ರಲ್ಲಿ ಪ್ರದರ್ಶಿತವಾಯಿತು. ಹೆಸರಿನ ಅರ್ಥ 'ನಾನು ಐರ್ಲೆಂಡ್' ಎಂದು. ನಿರೂಪಣೆ ಐರಿಷ್ ಭಾಷೆಯಲ್ಲಿದೆ. ಸಂಗೀತ ಶಾನ್ ಓ ರಿಯಾಡ ಅವರದು. ಐರಿಷ್ ಸ್ವಾತಂತ್ರ್ಯ ಚಳವಳಿಯ ಕಥೆಯನ್ನು ಹೇಳುವ ಈ ಚಿತ್ರ ಮುಖ್ಯವಾಗಿ ಹಳೆಯ ವಾರ್ತಾಚಿತ್ರಗಳ ತುಣುಕುಗಳಿಂದಲೇ ಹೆಣೆಯಲ್ಪಟ್ಟಿದೆ. ಅವುಗಳಲ್ಲಿ ಅನೇಕವು ಬ್ರಿಟಿಷ್ ಸಂಸ್ಥೆಗಳ ಛಾಯಾಗ್ರಾಹಕರು ತಮ್ಮ ಪ್ರೇಕ್ಷಕರಿಗಾಗಿ ತೆಗೆದವು. 1916ರ ಬಂಡಾಯದ ಬಳಿಕ ಹಾಳುಬಿದ್ದ ಡಬ್ಲಿನ್ನಿನ ಬೀದಿಗಳು ಅವರಿಗೆ ಒಂದು ವಾರದ ಸುದ್ದಿ ಮಾತ್ರವಾಗಿದ್ದವು. ಅದೇ ತುಣುಕು ಬೇರೆ ಕ್ರಮದಲ್ಲಿ, ಬೇರೆ ನುಡಿಯ ಜೊತೆಗೆ ಬಂದಾಗ ಒಂದು ನಾಡಿನ ಆತ್ಮಕಥೆಯ ಭಾಗವಾಯಿತು. ಆಳುವವರ ದಾಖಲೆ ಆಳಿಸಿಕೊಂಡವರ ಸಾಕ್ಷ್ಯವಾಗಬಲ್ಲುದೆಂಬುದು ಈ ಚಿತ್ರ ಕಲಿಸುವ ಪಾಠ.

ಆದರೆ ಅದು ವಿಜಯದ ಕಥೆ. ಸ್ವಾತಂತ್ರ್ಯ ದೊರೆತ ಮೇಲೆ ಏನಾಯಿತೆಂದು ಅದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳಿದವರು ಪೀಟರ್ ಲೆನನ್. ಅವರ 'ರಾಕಿ ರೋಡ್ ಟು ಡಬ್ಲಿನ್' 1968ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟರೂ ಸ್ವದೇಶದಲ್ಲಿ ಬಹುಕಾಲ ಅಲಕ್ಷ್ಯಕ್ಕೆ ಗುರಿಯಾಯಿತು. ಪರರನ್ನು ದೂರುವ ಚಿತ್ರಕ್ಕೆ ಸಿಗುವ ಸ್ವಾಗತ ತಮ್ಮವರನ್ನು ಪ್ರಶ್ನಿಸುವ ಚಿತ್ರಕ್ಕೆ ಸಿಗುವುದಿಲ್ಲ. ಇದು ಐರ್ಲೆಂಡಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ.

ನಮ್ಮ ದೇಶದಲ್ಲಿ ಸಾಕ್ಷ್ಯಚಿತ್ರವೇ ಒಂದು ವಸಾಹತು ಪರಂಪರೆಯೆಂಬುದನ್ನು ಮರೆಯಲಾಗದು. ಯುದ್ಧಪ್ರಚಾರಕ್ಕಾಗಿ 1940ರಲ್ಲಿ ಫಿಲ್ಮ್ ಅಡ್ವೈಸರಿ ಬೋರ್ಡ್, 1943ರಲ್ಲಿ ಇನ್ಫರ್ಮೇಶನ್ ಫಿಲ್ಮ್ಸ್ ಆಫ್ ಇಂಡಿಯಾ ಹುಟ್ಟಿದವು. ಸರಕಾರ ಒಪ್ಪಿದ ಚಿತ್ರಗಳನ್ನು ಪ್ರತಿ ಪ್ರದರ್ಶನದಲ್ಲಿಯೂ ತೋರಿಸಬೇಕೆಂಬ ಯುದ್ಧಕಾಲದ ಕಟ್ಟಳೆ, ಸ್ವಾತಂತ್ರ್ಯಾನಂತರ ಚಿತ್ರಮಂದಿರಗಳ ಪರವಾನಗಿಯ ಷರತ್ತಾಗಿ ಮುಂದುವರಿಯಿತು. 1948ರಲ್ಲಿ ಸ್ಥಾಪಿತವಾಗಿ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾದ ಫಿಲ್ಮ್ಸ್ ಡಿವಿಜನ್ ಈ ಏರ್ಪಾಟಿನ ಉತ್ತರಾಧಿಕಾರಿ. ಅಣೆಕಟ್ಟುಗಳ ನಿರ್ಮಾಣವನ್ನು ದೇಶದ ಜನ ಕಂಡದ್ದು ಬಹುಮಟ್ಟಿಗೆ ಅದರ ಕಣ್ಣಿನಿಂದಲೇ.

ಇನ್ನೊಂದು ಪರಂಪರೆ 1894ರ ಭೂಸ್ವಾಧೀನ ಕಾಯಿದೆ. ಅಂದಿನ ವಿಜಾಪುರ ಜಿಲ್ಲೆಯ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರ ಮೇ 22ರಂದು ಅಡಿಗಲ್ಲಿಟ್ಟಾಗ ಬ್ರಿಟಿಷರು ಹೋಗಿ 17 ವರ್ಷಗಳಾಗಿದ್ದವು. ಕಾಯಿದೆ ಮಾತ್ರ ಉಳಿದಿತ್ತು. ಅದರ ಕ್ರಮ ಹೀಗಿದೆ: 4ನೆಯ ಕಲಮಿನಂತೆ ಪ್ರಕಟಣೆ, 6ನೆಯದರಂತೆ ಸಾರ್ವಜನಿಕ ಉದ್ದೇಶದ ಘೋಷಣೆ, 11ನೆಯದರಂತೆ ಪರಿಹಾರದ ತೀರ್ಪು, ಒಪ್ಪದವರಿಗೆ 18ನೆಯದರಂತೆ ನ್ಯಾಯಾಲಯ. ಸ್ವಾಧೀನಕ್ಕೇ ಆಕ್ಷೇಪಣೆ ಎತ್ತುವ ಅವಕಾಶ ಮೂಲ ಕಾಯಿದೆಯಲ್ಲಿ ಇರಲಿಲ್ಲ. 1923ರ ತಿದ್ದುಪಡಿಯಿಂದ ಬಂದಿತು. ಪರಿಹಾರದಲ್ಲಿ ಹಕ್ಕು ಹೇಳಬಲ್ಲವನೇ ಅಲ್ಲಿ ಹಿತಸಂಬಂಧಿ. ಬೇರೆಯವರ ಎರೆಹೊಲದಲ್ಲಿ ಜೋಳ ಕೊಯ್ದು ಬದುಕಿದ ಭೂಹೀನನು ಅದರ ಲೆಕ್ಕಕ್ಕೆ ಬರುವವನಲ್ಲ. ಎಲ್ಲಕ್ಕಿಂತ ಗಮನಾರ್ಹವಾದುದು 24ನೆಯ ಕಲಮು. ಪರಿಹಾರ ನಿರ್ಧರಿಸುವಾಗ ನ್ಯಾಯಾಲಯವು ಪರಿಗಣಿಸಲೇಬಾರದ ಸಂಗತಿಗಳ ಪಟ್ಟಿ ಅದರಲ್ಲಿದೆ. ಭೂಮಿಯನ್ನು ಬಿಟ್ಟುಕೊಡಲು ಅದರ ಒಡೆಯನಿಗಿರುವ ಅನಿಚ್ಛೆ ಅವುಗಳಲ್ಲೊಂದು.

ಈ ಒಂದು ಉಪವಾಕ್ಯದಲ್ಲಿ ನಮ್ಮ ವಿಷಯದ ತಿರುಳಿದೆಯೆಂದು ಭಾವಿಸುತ್ತೇವೆ. ಪಂಚನಾಮೆಯಲ್ಲಿ ಗೋಡೆಯುಂಟು, ಬಾವಿಯುಂಟು, ಮರಗಳ ಎಣಿಕೆಯುಂಟು, ಉತಾರದಲ್ಲಿ ಎಕರೆ-ಗುಂಟೆಗಳುಂಟು. ಅನಿಚ್ಛೆಗೆ ಅಂಕಣವಿಲ್ಲ. ಅದು ಬರೆಯಲು ಮರೆತುಹೋದುದಲ್ಲ, ಲೆಕ್ಕಕ್ಕೆ ಹಿಡಿಯಕೂಡದೆಂದು ಕಾಯಿದೆಯೇ ಹೊರಗಿಟ್ಟದ್ದು. ಸಾಕ್ಷ್ಯಚಿತ್ರಕಾರನ ಕೆಲಸ ಆರಂಭವಾಗುವುದು ಇಲ್ಲಿಂದ. ಆನಂದ ಪಟವರ್ಧನ್ ಮತ್ತು ಸಿಮಂತಿನಿ ಧುರು ಅವರ 'ಎ ನರ್ಮದಾ ಡೈರಿ' (1995) ನರ್ಮದಾ ಕಣಿವೆಯಲ್ಲಿ ಈ ಕೆಲಸ ಮಾಡಿತು. ಕನ್ನಡದಲ್ಲಿ ಶರಾವತಿಯ ಮುಳುಗಡೆಯನ್ನು ಕುರಿತು ನಾ. ಡಿಸೋಜರ ಕಾದಂಬರಿಯೂ ಅದನ್ನಾಧರಿಸಿ ಗಿರೀಶ ಕಾಸರವಳ್ಳಿಯವರು 2002ರಲ್ಲಿ ತೆಗೆದ 'ದ್ವೀಪ'ವೂ ಇವೆ. ಶ್ರೇಷ್ಠ ಕೃತಿಗಳಾದರೂ ಅವು ಕಲ್ಪಿತ ಕಥೆಗಳು, ಸಾಕ್ಷ್ಯದ ಸ್ಥಾನವನ್ನು ತುಂಬಲಾರವು.

ಐರ್ಲೆಂಡಿನ ಹೋಲಿಕೆಯನ್ನು ಬಹಳ ದೂರ ಎಳೆಯುವುದೂ ಸರಿಯಲ್ಲ. ಇಲ್ಲಿ ತೆಗೆದುಕೊಂಡವರು ಪರದೇಶದವರಲ್ಲ. ವಿಜಯಪುರದ ಗಾಂಧಿ ಚೌಕದಲ್ಲಿ ನಿಂತವನಿಗೆ ಕೃಷ್ಣೆ ಕಾಣುವುದಿಲ್ಲ. ಆದರೆ ನಗರದ ನಲ್ಲಿಗಳಿಗೆ ನೀರು ಬರುವುದು ಕೊಲ್ಹಾರದ ಬಳಿಯ ಹಿನ್ನೀರಿನಿಂದ, ಮತ್ತು ಹಳೆಯ ಕೊಲ್ಹಾರ ಆ ಹಿನ್ನೀರಿಗೇ ಸಂದ ಊರು. ಬರಕ್ಕೆ ಹೆಸರಾದ ಬಬಲೇಶ್ವರ, ತಿಕೋಟಾ ಭಾಗಗಳಿಗೂ ಏತ ನೀರಾವರಿಯಿಂದ ಕೃಷ್ಣೆಯೇ ಬಂದಿದ್ದಾಳೆ. ಆ ಹೊಲಗಳ ದ್ರಾಕ್ಷಿ, ನಿಂಬೆಗಳನ್ನು ಕಂಡು ಸಂತೋಷಪಡದವರಾರು? ಒಂದೇ ಜಿಲ್ಲೆಯೊಳಗೆ ಕಳೆದುಕೊಂಡವರೂ ಪಡೆದವರೂ ಇದ್ದಾರೆ, ಒಮ್ಮೊಮ್ಮೆ ಒಂದೇ ಬಳಗದೊಳಗೆ. ಆದ್ದರಿಂದ ಇಲ್ಲಿ ಮಾರಿಸನ್ನರ ವಿಧಾನದೊಂದಿಗೆ ಲೆನನ್ನರ ಪ್ರಶ್ನೆಯೂ ಬೇಕು.

ವಿಷಯ ಹಳೆಯದಾಗಿ ಮುಗಿದುದೂ ಅಲ್ಲ. 2000ದಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಿದ ಜಲಾಶಯದ ಮಟ್ಟ 519.6 ಮೀಟರು. ಬಾಗಲಕೋಟೆಯ ಹಳೆಯ ಪೇಟೆಯ ಒಂದು ದೊಡ್ಡ ಭಾಗ ನವನಗರಕ್ಕೆ ಎದ್ದುಹೋದದ್ದು ಈ ಮಟ್ಟದ ಯೋಜನೆಗಾಗಿಯೇ. 2010ರ ಡಿಸೆಂಬರಿನಲ್ಲಿ ಎರಡನೆಯ ಕೃಷ್ಣಾ ನ್ಯಾಯಮಂಡಳಿ 524.256 ಮೀಟರಿಗೆ ಅನುಮತಿಯಿತ್ತಿತು. ಅದಕ್ಕೆ ಬೇಕಾಗುವ ಸುಮಾರು 75 ಸಾವಿರ ಎಕರೆಗೆ ರಾಜ್ಯ ಸಂಪುಟವು 2025ರ ಸೆಪ್ಟೆಂಬರಿನಲ್ಲಿ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿಗಳ ದರವನ್ನು ನಿರ್ಧರಿಸಿತು. 1894ರ ಕಾಯಿದೆ 2014ರ ಜನವರಿ 1ರಿಂದ ಇಲ್ಲವಾಗಿದೆ. ಹೊಸ ಕಾಯಿದೆ ಜೀವನೋಪಾಯ ಕಳೆದುಕೊಳ್ಳುವ ಭೂಹೀನ ಕುಟುಂಬವನ್ನೂ ಸಂತ್ರಸ್ತವೆಂದು ಗುರುತಿಸುತ್ತದೆ, ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ವಿಧಿಸುತ್ತದೆ.

ನಮ್ಮ ಕಾಲೇಜುಗಳ ಇತಿಹಾಸ, ಸಮಾಜಶಾಸ್ತ್ರ, ಪತ್ರಿಕೋದ್ಯಮ ವಿಭಾಗಗಳು ಕೈಹಾಕಬಹುದಾದ ಕೆಲಸ ಇಲ್ಲಿದೆ. ಪುನರ್ವಸತಿ ಕೇಂದ್ರಗಳಲ್ಲಿ ನೆಲೆಸಿದ ಹಿರಿಯರ ಮುಂದೆ ಹಳೆಯ ತೀರ್ಪಿನ ಪ್ರತಿಯನ್ನೂ ಗ್ರಾಮನಕ್ಷೆಯನ್ನೂ ಬಿಡಿಸಿಟ್ಟು, ಸರ್ವೇ ನಂಬರಿನಿಂದ ಸರ್ವೇ ನಂಬರಿಗೆ ಅವರ ಮಾತನ್ನು ಧ್ವನಿ-ಚಿತ್ರಗಳಲ್ಲಿ ಹಿಡಿಯಬೇಕು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಊರಿನ ನೆಲ ಹೊರಬೀಳುವ ಕಡೆಗಳಲ್ಲಿ ಅವರನ್ನೇ ಕರೆದೊಯ್ದು ನಡೆದಾಡಿಸಿದರೆ, ಯಾವ ಓಣಿ ಯಾವುದಕ್ಕೆ ಕೂಡುತ್ತಿತ್ತೆಂಬುದನ್ನು ಅವರು ಕಾಲಿನಿಂದಲೇ ತೋರಿಸಬಲ್ಲರು. ಹೊಸ ಮಟ್ಟಕ್ಕೆ ಸಿಲುಕುವ ಗ್ರಾಮಗಳಲ್ಲಿಯಾದರೋ ಈ ಕೆಲಸವನ್ನು ಗೋಡೆಗಳು ನಿಂತಿರುವಾಗಲೇ ಮಾಡಬೇಕು.