ತಪ್ಪು ತೀರ್ಪಿತ್ತ ಅಂಪೈರ್‌ಗೆ ಆಟಗಾರರ ಮತ

ಪ್ರಶ್ನೆ: ಒಂದೇ ತಪ್ಪು ತೀರ್ಪಿನಿಂದ ಬೇಸ್‌ಬಾಲ್ ಅಂಪೈರ್‌ನ ಹೆಸರು ಕೆಟ್ಟುಹೋಗುತ್ತದೆಯೇ?

ಉತ್ತರ: ಜಿಮ್ ಜಾಯ್ಸ್ ಅವರದು ಕೆಡಲಿಲ್ಲ. 2010ರ ಜೂನ್ 2ರಂದು ಡೆಟ್ರಾಯ್ಟ್‌ನಲ್ಲಿ ಪಿಚರ್ ಅರ್ಮಾಂಡೊ ಗಲರಾಗ ಸತತ 26 ಬ್ಯಾಟರ್‌ಗಳನ್ನು ಔಟ್ ಮಾಡಿದ್ದರು. ಇನ್ನೊಬ್ಬ ಔಟಾದರೆ ಅಪರೂಪದ ‘ಪರ್ಫೆಕ್ಟ್ ಗೇಮ್’. 27ನೆಯವನಿಗಿಂತ ಮೊದಲೇ ಚೆಂಡು ಹಿಡಿದ ಗಲರಾಗ ಮೊದಲ ಬೇಸ್ ಮುಟ್ಟಿದ್ದರು; ಜಾಯ್ಸ್ ಮಾತ್ರ ‘ಸೇಫ್’ ಎಂದು ಕೈ ಚಾಚಿದರು. ಇಂಥ ತೀರ್ಪನ್ನು ವಿಡಿಯೊ ನೋಡಿ ತಿದ್ದುವ ನಿಯಮ ಬಂದದ್ದು 2014ರಲ್ಲಿ.

ಆಟ ಮುಗಿದ ಮೇಲೆ ದೃಶ್ಯ ನೋಡಿದ ಜಾಯ್ಸ್, ಸಬೂಬು ಹೇಳದೆ ಗಲರಾಗರ ಕ್ಷಮೆ ಕೇಳಿದರು. ಮರುದಿನ ಹೋಮ್‌ಪ್ಲೇಟ್ ಬಳಿ ಜಾಯ್ಸ್‌ಗೆ ಆಟಗಾರರ ಪಟ್ಟಿ ತಂದುಕೊಟ್ಟವರು ಗಲರಾಗ ಅವರೇ. ಜಾಯ್ಸ್ ಕಣ್ಣೊರೆಸಿಕೊಂಡರು. ಕೆಲವೇ ದಿನಗಳಲ್ಲಿ ಇಎಸ್‌ಪಿಎನ್ ಆಟಗಾರರನ್ನು ಕೇಳಿದಾಗ ಅತ್ಯುತ್ತಮ ಅಂಪೈರ್ ಎಂದು ಹೆಚ್ಚು ಮತ ಬಿದ್ದದ್ದು ಜಾಯ್ಸ್‌ಗೇ. ಅದು ಕನಿಕರದ ಮತವಲ್ಲ ಎಂದೇ ನನ್ನ ನಂಬಿಕೆ: 1980ರ ದಶಕದಿಂದ ಅಂಪೈರ್ ಆಗಿದ್ದ ಅವರ ಕೆಲಸವನ್ನು ಮೈದಾನದಲ್ಲೇ ಕಂಡವರು ಅದರ ತೂಕವನ್ನು ಬಲ್ಲರು.